ಟೊಂಕ ಮುರಿದ ವರ್ಷದ ಅಳತೆ

ಮಸ್ಕಿ ಹಳ್ಳ ದಾಟುವಾಗ ನಮ್ಮ ಬಂಡಿಯ ಎಡಗಾಲಿ ನೀರಿನೊಳಗಿನ ಗುಂಡಿಗೆ ಇಳಿಯಿತು. ನನ್ನ ತೊಡೆಯ ಮೇಲೆ ನೆಲ ಅಳೆಯುವ ದುರ್ಬೀನಿನ ಪೆಟ್ಟಿಗೆ ಇತ್ತು. ಬೀಳುವ ಮನುಷ್ಯ ಕೈ ಊರುತ್ತಾನೆ. ನಾನು ಊರಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ಹಿಂದಕ್ಕೆ ಮಗುಚಿ, ಹಳ್ಳದ ಕಲ್ಲಿನ ಮೇಲೆ ಸೊಂಟ ಕೊಟ್ಟು ಬಿದ್ದೆ. ಪೆಟ್ಟಿಗೆಗೆ ಒಂದು ಗೀರೂ ಆಗಲಿಲ್ಲ. ನಾಲ್ಕು ಜನ ನನ್ನನ್ನು ಎತ್ತಿ ದಂಡೆಯ ಮೇಲೆ ಮಲಗಿಸಿದಾಗ ಎಡಗಾಲು ಬೇರೆ ಯಾರದೋ ಎಂಬಂತೆ ಮರಗಟ್ಟಿತ್ತು.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಾರೆ, ಎಡದಂಡೆಯಿಂದ ಕಾಲುವೆ ತೆಗೆದು ಸಿಂಧನೂರಿನ ಎರೆಭೂಮಿಗೆ ನೀರು ತರುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು, ಆದರೆ ಯಾರೂ ಪೂರ್ತಿ ನಂಬಿರಲಿಲ್ಲ. ಆ ಕಾಲುವೆ ಎಲ್ಲಿ ಹಾಯಬೇಕೆಂದು ನೆಲದ ಏರುತಗ್ಗು ಅಳೆಯುವ ಹಲವು ತಂಡಗಳಿದ್ದವು. ಅವುಗಳಲ್ಲಿ ಒಂದಕ್ಕೆ ನಾನು ಸರ್ವೇಯರ್. ಸಿಂಧನೂರು ದಾರಿಯ ಮೇಲಿನ ಒಂದು ಗುರುತಿನ ಕಲ್ಲಿನಿಂದ ಪಾಮನಕಲ್ಲೂರಿನ ಗುಡಿಯ ಕಟ್ಟೆಯ ಮೇಲೆ ಕೆತ್ತಿದ್ದ ಇನ್ನೊಂದು ಗುರುತಿನವರೆಗೆ, ಹನ್ನೊಂದು ಮೈಲಿ ನನ್ನ ಪಾಲಿಗೆ ಬಂದಿತ್ತು. ಮಳೆಗಾಲಕ್ಕೆ ಮೊದಲೇ ಮುಗಿಸಬೇಕು. ಎರೆಮಣ್ಣು ಒಮ್ಮೆ ನೆನೆಯಿತೆಂದರೆ ಅದರ ಮೇಲೆ ಮನುಷ್ಯ ನಡೆಯಲಾರ, ಬಂಡಿಯಂತೂ ದೂರದ ಮಾತು.

ಬಿದ್ದ ದಿನವೇ ಊರಿನ ಉಳುಕು ತೆಗೆಯುವವನು ಬಂದ. ನನ್ನನ್ನು ಬೋರಲು ಮಲಗಿಸಿ, ಸೊಂಟದ ಮೇಲೆ ಕಾಲಿಟ್ಟು, ಭುಜ ಹಿಡಿದು ಎಳೆದ. ನಾನು ಕೂಗಿದ ಕೂಗಿಗೆ ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಮರುದಿನ ಬಂಡಿಯಲ್ಲಿ ಹುಲ್ಲು ಹಾಸಿ ಲಿಂಗಸುಗೂರಿನ ದವಾಖಾನೆಗೆ ಒಯ್ದರು. ಡಾಕ್ಟರರು ಬೆರಳು ಆಡಿಸಲು ಹೇಳಿದರು, ಕಾಲು ಎತ್ತಿ ನೋಡಿದರು, ಬೆನ್ನೆಲುಬಿನ ಉದ್ದಕ್ಕೂ ಒತ್ತಿ ನೋಡಿದರು. ಎಲುಬು ಮುರಿದಂತಿಲ್ಲ, ನರ ಒತ್ತಿಕೊಂಡಿದೆ, ಹಲಗೆಯ ಮೇಲೆ ಅಲುಗಾಡದೆ ಮಲಗಿರಬೇಕು ಎಂದರು.

ಮೂರು ವಾರ ಮಲಗಿದೆ. ಕಾಲಿಗೆ ಸ್ಪರ್ಶ ಮರಳಿತು, ಅದರ ಜೊತೆಗೆ ನೋವೂ ಬಂತು. ಅದು ಎಡ ಸೊಂಟದಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಹರಿದು, ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಮಲಗಿದಷ್ಟು ದಿನ ಮೈ ಬಿಗಿಯುತ್ತಲೇ ಹೋಯಿತು. ಮಲಗಿ ಎಂದು ಹೇಳಿದವರಿದ್ದರು. ಎದ್ದ ಮೇಲೆ ಏನು ಮಾಡಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ಓವರ್‌ಸೀಯರ್ ಸಾಹೇಬರಿಂದ ಚೀಟಿ ಬಂತು. ನಾನು ಬರುವುದಾದರೆ ಈ ವಾರ ಬರಬೇಕು, ಇಲ್ಲವಾದರೆ ಬೇರೆಯವರನ್ನು ಹಾಕುತ್ತೇವೆ ಎಂದು ಎರಡೇ ಸಾಲು. ನನ್ನದು ಕಾಯಂ ನೌಕರಿ ಅಲ್ಲ. ನಾನು ಸೊಂಟಕ್ಕೆ ಪಂಚೆ ಬಿಗಿದು ಕಟ್ಟಿಕೊಂಡು ಕ್ಯಾಂಪಿಗೆ ಮರಳಿದೆ.

ಲೆವೆಲ್ ಮಾಡುವ ಕೆಲಸ ನೋಡುವವರಿಗೆ ಹಗುರ. ಮುಕ್ಕಾಲಿಯ ಮೇಲೆ ದುರ್ಬೀನು ಕೂರಿಸಿ, ತಿರುಪುಗಳನ್ನು ತಿರುಗಿಸಿ, ಗಾಜಿನ ನಳಿಗೆಯೊಳಗಿನ ಗುಳ್ಳೆಯನ್ನು ನಡುವಿಗೆ ತರಬೇಕು. ಒಬ್ಬ ಅಂಕಿ ಬರೆದ ಉದ್ದನೆಯ ಕೋಲು ಹಿಡಿದು ಮೊದಲು ನನ್ನ ಹಿಂದೆ, ಆಮೇಲೆ ನನ್ನ ಮುಂದೆ ನಿಲ್ಲುತ್ತಾನೆ. ದುರ್ಬೀನಿನಲ್ಲಿ ಆ ಕೋಲಿನ ಅಂಕಿ ಓದಿ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಎಲ್ಲವನ್ನೂ ಎತ್ತಿಕೊಂಡು ಮುಂದಕ್ಕೆ ನಡೆಯಬೇಕು. ಆದರೆ ಪ್ರತಿ ಓದಿಗೂ ಬಗ್ಗಬೇಕು, ಬಗ್ಗಿದಲ್ಲೇ ಒಂದು ಕಣ್ಣು ಮುಚ್ಚಿ ನಿಲ್ಲಬೇಕು, ಮತ್ತೆ ನೆಟ್ಟಗಾಗಬೇಕು. ದಿನಕ್ಕೆ ಅರವತ್ತು, ಎಪ್ಪತ್ತು ಸಲ. ಮೊದಲ ಹತ್ತು ಸಲ ಹಲ್ಲು ಕಚ್ಚಿ ಮಾಡುತ್ತಿದ್ದೆ. ಆಮೇಲೆ ಬಗ್ಗಿದವನು ಬಗ್ಗಿಯೇ ಇರುತ್ತಿದ್ದೆ, ಯಾಕೆಂದರೆ ಏಳುವುದು ಇನ್ನೂ ಕಷ್ಟ. ಕೋಲು ಹಿಡಿಯುವವನು ಸಂತೆಕಲ್ಲೂರಿನವ, ಎರಡು ಮಕ್ಕಳ ತಂದೆ, ನನಗಿಂತ ಎರಡು ವರ್ಷ ದೊಡ್ಡವ. ದೂರದಿಂದಲೇ ಕೂಗುತ್ತಿದ್ದ: "ಸಾಹೇಬ್ರ, ಓದಿದ್ರಿ ಏನು, ಇಲ್ಲಾ ಅಲ್ಲೇ ನಿದ್ದಿ ಹತ್ತೈತಿ?"

ಕ್ಯಾಂಪಿನಲ್ಲಿ ಹನ್ನೊಂದು ಜನರಿಗೆ ರೊಟ್ಟಿ ಬಡಿಯಲು ಪಾಮನಕಲ್ಲೂರಿನ ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತರ ಆಸುಪಾಸು. ಎಲ್ಲರೂ ರೊಟ್ಟಿ ಅವ್ವ ಎನ್ನುತ್ತಿದ್ದರು. ಅವಳ ಒಲೆಗೂ ನನ್ನ ಡೇರೆಗೂ ನಡುವೆ ಒಂದು ತಟ್ಟಿಯ ಮರೆ ಮಾತ್ರ ಇತ್ತು. ನಾನು ಅವಳನ್ನು ನೋಡಿದ್ದು ಕಡಿಮೆ. ಬೆಳಿಗ್ಗೆ ಏಳುವಾಗ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಕೇಳುತ್ತಿತ್ತು, ಅಷ್ಟೆ.

ಒಂದು ಬೆಳಿಗ್ಗೆ ಏಳಲಾಗಲೇ ಇಲ್ಲ. ಕೋಲಿನವ ಬಂದು ನನ್ನ ಎರಡೂ ಕೈ ಹಿಡಿದು ಎಳೆಯಲು ನೋಡಿದ. ನಾನು ನರಳಿದೆ. ತಟ್ಟಿಯ ಆಚೆ ರೊಟ್ಟಿಯ ಸದ್ದು ನಿಂತಿತು.

"ಏ ತಮ್ಮಾ, ಕೈ ಹಿಡಿದು ಜಗ್ಗಬ್ಯಾಡೋ ಅವರನ್ನ. ಅವರೇನು ಹೂತಿದ್ದ ಗೂಟ ಏನು, ಕೀಳಾಕ?" ಆಮೇಲೆ ನನಗೆ: "ಸಾಹೇಬ್ರ, ನೀವು ಉಸಿರು ಹಿಡಿದೀರಿ. ಮೊದ್ಲ ಅದನ್ನ ಬಿಡ್ರಿ."

"ನಿಮಗ ಹೆಂಗ ಗೊತ್ತವ್ವಾ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ಕೇಳಾಕತ್ತೈತಲ್ರಿ. ನೀವು ಬಂದಾಗಿಂದ ಕೇಳಾಕತ್ತೀನಿ. ಏಳೂಮುಂದ ಉಸಿರು ನುಂಗತೀರಿ, ಎದ್ದ ಮ್ಯಾಲ ಬಿಡತೀರಿ. ಹಂಗ ಮಾಡಿದ್ರ ಟೊಂಕ ಕಲ್ಲಾಗತೈತಿ. ಮೊಣಕಾಲು ಮಡಚ್ರಿ, ಒಂದೊಂದ. ಪಾದ ನೆಲಕ್ಕ ಊರ್ರಿ. ಹೊಟ್ಟಿ ಮ್ಯಾಲ ಕೈ ಇಟ್ಕೊಂಡು, ಬಿಸಿ ಹಾಲು ಆರಿಸಿದಂಗ ಬಾಯಿಲೆ ಉಸಿರು ಬಿಡ್ರಿ."

ಬೇರೆ ದಾರಿ ಇರಲಿಲ್ಲ. ಹಾಗೆ ಮಾಡಿದೆ. ನಾಲ್ಕನೆಯದೋ ಐದನೆಯದೋ ಉಸಿರಿಗೆ ಸೊಂಟದ ಕೆಳಗಿನ ಸಂದು ತಾನಾಗಿ ಮುಚ್ಚಿ ಬೆನ್ನು ಚಾಪೆಗೆ ತಾಕಿತು. ಅಲ್ಲಿ ಅಂಥ ಸಂದು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. "ಒತ್ತಬ್ಯಾಡ್ರಿ, ತಾನ ಇಳೀಲಿ," ಎಂದಳು ಆಚೆಯಿಂದ. "ಈಗ ಎರಡೂ ಮೊಣಕಾಲು ಜೋಡಿಲೆ ಬಲಕ್ಕ ವಾಲಿಸ್ರಿ. ಮಗ್ಗಲಾತೇನು? ಇನ್ನ ಕೈ ಊರಿ ಏಳ್ರಿ. ಏಳೂಮುಂದ ಉಸಿರು ಹೊರಗ ಹೋಗತಿರಬೇಕು."

ಎದ್ದು ಕೂತೆ. ನೋವಿತ್ತು, ಆದರೆ ಕಣ್ಣಿಗೆ ಕತ್ತಲೆ ಬರಲಿಲ್ಲ. ಕೋಲಿನವ ನನ್ನನ್ನೂ ತಟ್ಟಿಯನ್ನೂ ನೋಡಿದ. ಆಚೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಆಕೆಯ ಕಥೆಯನ್ನು ನಾನು ಒಂದೇ ದಿನ ಕೇಳಲಿಲ್ಲ. ತಟ್ಟಿಯಾಚೆಯಿಂದ ಬಿಡಿಬಿಡಿಯಾಗಿ ಬಂತು. ಇಪ್ಪತ್ತರ ಹರೆಯದಲ್ಲಿ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಬಾವಿಯ ಮೆಟ್ಟಿಲಿನಿಂದ ಜಾರಿದ್ದಳು. ಒಂದು ವರ್ಷ ಹಾಸಿಗೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ತವರಿಗೆ ತಂದು ಹಾಕಿದರು. ಆ ಊರಿನ ಮಠದಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಅವಳು ದಿನಾ ಬಂದು, ಮುಟ್ಟದೆ ಎಳೆಯದೆ, ಪಕ್ಕದಲ್ಲಿ ತಾನೂ ಮಲಗಿ ಮೈ ಆಡಿಸುವುದನ್ನು ಕಲಿಸಿದಳು.

"ಆ ಅಜ್ಜಿ ಇದಕ್ಕ ಯೋಗ ಅಂತಿದ್ಲು," ಎಂದಳು ರೊಟ್ಟಿ ಅವ್ವ. "ನಮ್ಮಂತಾವರಿಗಿ ಯೋಗ ಎಲ್ಲಿಂದ ಬರಬೇಕವ್ವಾ ಅಂದೆ. ಉಸಿರು ಬರತೈತಿಲ್ಲೋ ನಿನಗ, ಅಷ್ಟು ಸಾಕು ಅಂದ್ಲು."

ಹೀಗೆ ನನ್ನ ಪಾಠ ಶುರುವಾಯಿತು. ಬೆಳಿಗ್ಗೆ ಹೊರಡುವ ಮುಂಚೆ ಒಮ್ಮೆ, ಮಧ್ಯಾಹ್ನ ಡೇರೆಗೆ ಬಂದ ಮೇಲೆ ಒಮ್ಮೆ. ಆಕೆ ರೊಟ್ಟಿ ಬಡಿಯುತ್ತ ಹೇಳುವಳು, ನಾನು ಚಾಪೆಯ ಮೇಲೆ ಮಾಡುವೆ. ಮಲಗಿ ಒಂದು ಹಿಮ್ಮಡಿಯನ್ನು ನೆಲದ ಮೇಲೇ ಮುಂದಕ್ಕೆ ಜಾರಿಸಿ ಹಿಂದಕ್ಕೆ ತರುವುದು. ಮೊಣಕಾಲುಗಳನ್ನು ಜೋಡಿಸಿ ಆ ಕಡೆ ಈ ಕಡೆ ತೂಗುವುದು. ಎರಡು ದಿನ ಅಷ್ಟೇ. ಆಮೇಲೆ ಕೈಕಾಲು ಊರಿ ಆಕಳಿನಂತೆ ನಿಂತು, ಉಸಿರು ಬಿಡುತ್ತ ಬೆನ್ನು ಉಬ್ಬಿಸಿ, ತಗೊಳ್ಳುತ್ತ ಇಳಿಸುವುದು. ಇನ್ನೊಂದು ವಾರಕ್ಕೆ ಕಾಲು ಚಾಚಿ ಕೂತು, ಎದುರಿಗೆ ಬೀಸುಕಲ್ಲು ಇದೆಯೆಂದುಕೊಂಡು ಗೂಟ ಹಿಡಿದು ಸುತ್ತಿಸಿದಂತೆ ಸೊಂಟದಿಂದ ಸುತ್ತುವುದು, ಮೊದಲು ಅಂಗೈ ಅಗಲದ ಸುತ್ತು ಮಾತ್ರ. ಕೊನೆಗೆ ಡೇರೆಯ ಸುತ್ತ ನಡಿಗೆ: ಹಿಮ್ಮಡಿ ಊರಿದ್ದು ಗೊತ್ತಾಗಬೇಕು, ಬೆರಳು ಊರಿದ್ದು ಗೊತ್ತಾಗಬೇಕು, ಆಮೇಲೆ ಮುಂದಿನ ಹೆಜ್ಜೆ.

ಆಕೆಗೆ ಎರಡೇ ನೇಮ. ಉಸಿರು ತಡೆದರೆ ಅಲ್ಲೇ ನಿಲ್ಲಬೇಕು. ಎಷ್ಟು ಆಗುತ್ತದೋ ಅದರ ಅರ್ಧ ಮಾತ್ರ ಮಾಡಬೇಕು. "ನಾಳಿಗಿ ಒಂದೀಟು ಉಳಿಸ್ರಿ," ಎನ್ನುವಳು. ಇದು ನನಗೆ ಬಹಳ ಬೇಸರದ ಕೆಲಸವಾಗಿತ್ತು. ನೋವು ಒಂದು ದಿನ ಹಿಮ್ಮಡಿ ಬಿಟ್ಟು ಮೊಣಕಾಲಿನವರೆಗೆ ಏರಿ ನಿಂತರೆ ಗೆದ್ದೆ ಎಂದುಕೊಳ್ಳುತ್ತಿದ್ದೆ. ಮರುದಿನ ಮತ್ತೆ ಹಿಮ್ಮಡಿಗೆ ಇಳಿದಿರುತ್ತಿತ್ತು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಬಿಸಿಲು ಏರುತ್ತಿತ್ತು. ಎರೆಭೂಮಿ ಬಾಯಿ ಬಿಡತೊಡಗಿತ್ತು, ಬಿರುಕಿನಲ್ಲಿ ಮುಕ್ಕಾಲಿಯ ಕಾಲು ಸಿಕ್ಕಿಕೊಳ್ಳುತ್ತಿತ್ತು. ಆದರೂ ದಿನಕ್ಕೆ ಎರಡು ಫರ್ಲಾಂಗು, ಮೂರು ಫರ್ಲಾಂಗು ಎಂದು ಸಾಲು ಮುಂದೆ ಹೋಯಿತು. ಕಾಲುವೆ ಹಾಯುವ ಎತ್ತರ ಎಲ್ಲೆಲ್ಲಿ ಸಿಕ್ಕಿತೋ ಅಲ್ಲೆಲ್ಲ ಗೂಟ ಹೊಡೆದೆವು. ಬೇಸಿಗೆ ಬಲಿಯುವ ಹೊತ್ತಿಗೆ ಪಾಮನಕಲ್ಲೂರಿನ ಗುಡಿಯ ಕಟ್ಟೆ ಮುಟ್ಟಿ ಕೊನೆಯ ಅಂಕಿ ಬರೆದೆ.

ಅಂದು ಮೈ ಹಗುರಾಗಿತ್ತು. ನೋವು ತೊಡೆಯಿಂದ ಕೆಳಗೆ ಇಳಿದಿರಲಿಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ಓದುವಾಗ ನಾನು ಸೂರ್ಯನಮಸ್ಕಾರದಲ್ಲಿ ಮೊದಲಿಗ. ನನ್ನ ಮಟ್ಟಿಗೆ ಯೋಗ ಎಂದರೆ ಅದು. ತಟ್ಟಿಯಾಚೆಯದು ಹೆಂಗಸರ ಮದ್ದು. ಕೆಲಸ ಮುಗಿದ ಖುಷಿಯಲ್ಲಿ ಮರುದಿನ ಬೆಳಿಗ್ಗೆ ಡೇರೆಯ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಮಸ್ಕಾರ ಹಾಕತೊಡಗಿದೆ. ಮೂರನೆಯದರಲ್ಲಿ ನೆಲ ಮುಟ್ಟಲು ಬಗ್ಗಿದಾಗ ಸೊಂಟದಲ್ಲಿ ಹಗ್ಗ ಹರಿದಂತಾಯಿತು. ಅಂಗೈ ಊರಿದವನು ಅಲ್ಲೇ ಕುಸಿದೆ.

ಡೇರೆಗೆ ಹೊತ್ತು ತಂದರು. ರೊಟ್ಟಿ ಅವ್ವ ಮೊದಲ ಬಾರಿಗೆ ತಟ್ಟಿಯ ಈಚೆ ಬಂದು ಬಾಗಿಲಲ್ಲಿ ನಿಂತಳು. ಕೈಗೆ ಹಿಟ್ಟು ಮೆತ್ತಿತ್ತು.

"ಯಾರ ಜೋಡಿ ಕುಸ್ತಿ ಆಡಾಕ ಹೋಗಿದ್ರಿ?"

ಅಂಗೈಗೆ ಮೆತ್ತಿದ್ದ ಮಣ್ಣನ್ನು ಚಾಪೆಗೆ ಒರೆಸಿಕೊಂಡೆ.

"ನಿಮಗ ಬ್ಯಾನಿ ಹೋಗೂದು ಬೇಕಾಗಿಲ್ರಿ. ಗೆಲ್ಲೂದು ಬೇಕಾಗೈತಿ," ಎಂದು ಹೇಳಿ ಹೋದಳು.

ಎರಡು ದಿನ ಮಲಗಿಯೇ ಇದ್ದೆ. ಸುಮ್ಮನಿರಲಾರದೆ ಲೆವೆಲ್ ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು ಲೆಕ್ಕ ಕೂಡಿಸಿದೆ. ಹಿಂದಿನ ಓದುಗಳ ಮೊತ್ತ, ಮುಂದಿನ ಓದುಗಳ ಮೊತ್ತ, ಎರಡರ ವ್ಯತ್ಯಾಸ. ಆ ವ್ಯತ್ಯಾಸದಿಂದ ಗುಡಿಯ ಕಟ್ಟೆಯ ಎತ್ತರ ಬರಬೇಕು. ಆ ಎತ್ತರ ಎಷ್ಟೆಂದು ನಮಗೆ ಮೊದಲೇ ಬರೆದು ಕೊಟ್ಟಿದ್ದರು. ನನ್ನ ಅಂಕಿ ಅದಕ್ಕಿಂತ ಹೆಚ್ಚುಕಡಿಮೆ ಒಂದು ಅಡಿ ಮೇಲೆ ಇತ್ತು. ಮತ್ತೆ ಕೂಡಿಸಿದೆ. ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ. ಒಂದು ಅಡಿ ಹೋಗಲಿಲ್ಲ.

ಏನಾಗಿದೆಯೆಂದು ತಿಳಿಯಲು ಹೊತ್ತಾಗಲಿಲ್ಲ. ಕೋಲಿನ ಮೇಲೆ ಅಡಿಯ ಅಂಕಿ ಕೆಂಪು, ಅದರ ನಡುವಿನ ಭಾಗಗಳು ಕಪ್ಪು. ಕೋಲು ತೀರ ಹತ್ತಿರವಿದ್ದರೆ ದುರ್ಬೀನಿನ ಕಣ್ಣಿಗೆ ಕೆಂಪು ಅಂಕಿ ಬೀಳುವುದಿಲ್ಲ. ಆಗ ಕೈಸನ್ನೆ ಮಾಡಿ, ಕೋಲನ್ನು ಮೆಲ್ಲಗೆ ಮೇಲೆತ್ತಿಸಿ, ಕೆಂಪು ಅಂಕಿ ಕಂಡ ಮೇಲೆ ಬರೆಯಬೇಕು. ಹೊಸಬರಿಗೆ ಕಲಿಸುವ ಮೊದಲ ಪಾಠವದು. ನೋವು ಜೋರಿದ್ದ ದಿನಗಳಲ್ಲಿ ನಾನು ಹಾಗೆ ಕಾಯದೆ, ನಾಲ್ಕೇ ಇರಬೇಕು, ಐದೇ ಇರಬೇಕು ಎಂದು ಅಂದಾಜಿನಲ್ಲಿ ಬರೆದದ್ದು ನೆನಪಿತ್ತು. ಎಲ್ಲೋ ಒಂದು ಕಡೆ ಅಂದಾಜು ತಪ್ಪಿತ್ತು.

ನಮ್ಮ ಕಾಲುವೆ ಮೈಲಿಗೆ ಒಂದು ಗೇಣು ಕೂಡ ಇಳಿಯುವುದಿಲ್ಲ. ಅಂಥ ಕಡೆ ಒಂದು ಅಡಿ ತಪ್ಪಿದರೆ ನೀರು ಮುಂದೆ ಹರಿಯದೆ ನಿಲ್ಲುತ್ತದೆ, ಇಲ್ಲವೆ ದಂಡೆ ಒಡೆಯುತ್ತದೆ.

ಕೋಲಿನವನಿಗೆ ಹೇಳಿದೆ. ಅವನು ಬಹಳ ಹೊತ್ತು ಪುಸ್ತಕ ನೋಡಿದ, ಓದಲು ಬಾರದಿದ್ದರೂ.

"ಒಂದ ಅಡಿ ಅಲ್ಲೇನ್ರಿ," ಎಂದ. "ಎಲ್ಲ್ಯಾರ ಒಂದು ಅಂಕಿ ತಿದ್ದಿದ್ರ ಆತು. ಯಾರು ಬಂದು ಅಳೀತಾರ ಈ ಬಿಸಲಾಗ?"

ಅವನು ಕೆಟ್ಟವನಲ್ಲ. ನನ್ನ ಸೊಂಟವನ್ನು ದಿನಾ ನೋಡಿದವನು. ಹನ್ನೊಂದು ಮೈಲಿ ಮತ್ತೆ ನಡೆಯಬೇಕಾದವನು ಕೂಡ. ಅವನು ಹೋದ ಮೇಲೆ ನಾನು ಪೆನ್ಸಿಲ್ ಹೆರೆದೆ. ಒಂದು ಪುಟದಲ್ಲಿ ನಾಲ್ಕನ್ನು ಐದು ಮಾಡಿದರೆ ಕಣ್ಣಿಗೆ ಕಾಣದಂಥ ಜಾಗವೂ ಸಿಕ್ಕಿತು. ಪೆನ್ಸಿಲಿನ ತುದಿಯನ್ನು ಆ ಅಂಕಿಯ ಮೇಲೆ ಇಟ್ಟೆ.

"ಸಾಹೇಬ್ರ," ಎಂದು ಆಚೆಯಿಂದ ದನಿ ಬಂತು. ಎರಡು ದಿನದ ಮೇಲೆ ಮೊದಲ ಮಾತು. "ಇವತ್ತ ನೀವು ಏಳಾಕತ್ತಿಲ್ಲ, ಹೊಳ್ಳಾಕತ್ತಿಲ್ಲ. ಆದ್ರೂ ಯಾಕ ಉಸಿರು ಹಿಡಿದೀರಿ?"

ಆಕೆಗೆ ಪುಸ್ತಕದ ವಿಷಯ ಗೊತ್ತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಕೇಳಿದಳು, ಅಷ್ಟೆ. ನಾನು ಉಸಿರು ಬಿಟ್ಟೆ. ಪೆನ್ಸಿಲನ್ನು ಕೆಳಗಿಟ್ಟೆ. ಓವರ್‌ಸೀಯರ್ ಸಾಹೇಬರಿಗೆ ಚೀಟಿ ಬರೆದು, ಸಾಲು ಕೂಡುತ್ತಿಲ್ಲ, ತಪ್ಪು ನನ್ನದು, ಬಂದು ನೋಡಬೇಕು ಎಂದು ಕಳಿಸಿದೆ.

ಅವರು ಮೂರನೆಯ ದಿನ ಬಂದರು. ಹೈದರಾಬಾದಿನವರು, ವಯಸ್ಸಾದವರು, ಊರೂರು ಸುತ್ತಿ ದಣಿದ ಮುಖ. ದುರ್ಬೀನಿನ ಪೆಟ್ಟಿಗೆಯ ಮೇಲೆ ಕೂತು ಪುಟಪುಟ ನೋಡಿದರು.

"ನೀವು ಹೇಳದಿದ್ದರ ನನಗ ತಿಳೀತಿರಲಿಲ್ಲ ಅಂತ ಅಂದ್ಕೋಬ್ಯಾಡ್ರಿ," ಎಂದರು. "ತಿಳೀತಿತ್ತು. ಆದರ ಕಾಲುವಿ ಅಗದ ಮ್ಯಾಲ ತಿಳೀತಿತ್ತು." ಪುಸ್ತಕ ಮುಚ್ಚಿದರು. "ಸಿಂಧನೂರಿಗಿ ಬರ್ರಿ. ಕೂತು ನಕಾಶೆ ಬರಿಯೋ ಕೆಲಸ ಐತಿ. ಇಲ್ಲಿ ಬೇರೆಯವರನ್ನ ಹಾಕತೀನಿ. ನಿಮಗೂ ತಕಲೀಫ್ ಇಲ್ಲ."

ಆ ಮಾತು ಕೇಳಿದಾಗ ಎದೆ ತುಂಬ ಆಸೆಯಾಯಿತು. ಕುರ್ಚಿ, ನೆರಳು, ಬಗ್ಗದ ಸೊಂಟ. ಆದರೆ ಎಲ್ಲಿ ತಪ್ಪಿದೆಯೆಂದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು, ಬೇರೆಯವನಿಗೆ ಗೊತ್ತಿರಲಿಲ್ಲ.

"ನಾನ ಮತ್ತೊಮ್ಮೆ ಮಾಡತೀನಿ ಸಾಹೇಬ್ರ," ಎಂದೆ. "ಆದರ ದಿನಕ್ಕ ಅರ್ಧ ಹೊತ್ತು ಮಾತ್ರ. ಅದಕ್ಕಿಂತ ಹೆಚ್ಚಿಗಿ ಆಗೂದಿಲ್ಲ. ಹೆಚ್ಚಿಗಿ ಮಾಡಿದ್ರ ಮತ್ತ ತಪ್ಪತೈತಿ."

ಆಗೂದಿಲ್ಲ ಎಂಬ ಮಾತನ್ನು ನೌಕರಿಯಲ್ಲಿ ನಾನು ಅದಕ್ಕೆ ಮುಂಚೆ ಆಡಿರಲಿಲ್ಲ. ಅವರು ನನ್ನ ಕಾಲು ನೋಡಿದರು, ಮುಖ ನೋಡಿದರು.

"ರೋಹಿಣಿ ಮಳಿಗಿಂತ ಮೊದಲ ಮುಗಿಸಬೇಕು. ಜಿಮ್ಮೇದಾರಿ ನಿಮ್ಮದು."

ಮತ್ತೆ ಸಿಂಧನೂರು ದಾರಿಯ ಕಲ್ಲಿನಿಂದ ಶುರು ಮಾಡಿದೆ. ಈ ಸಲ ಕೆಲಸದ ರೀತಿಯನ್ನೇ ಬದಲಿಸಿದೆ. ಮುಕ್ಕಾಲಿಯ ಕಾಲುಗಳನ್ನು ಹತ್ತಿರಕ್ಕೆ ಊರಿ ದುರ್ಬೀನನ್ನು ನೆಟ್ಟಗೆ ನಿಂತವನ ಕಣ್ಣಿನ ಮಟ್ಟಕ್ಕೆ ಎತ್ತರಿಸಿದೆ. ಗಾಳಿಗೆ ಅಲುಗದಂತೆ ಅದರ ನಡುವೆ ಒಂದು ಕಲ್ಲು ತೂಗುಬಿಟ್ಟೆವು. ಪ್ರತಿ ಓದಿಗೆ ಮುಂಚೆ ಎರಡೂ ಪಾದಗಳ ಮೇಲೆ ಭಾರ ಸಮನಾಗಿದೆಯೇ ಎಂದು ನೋಡಿಕೊಂಡು, ಒಂದು ಉಸಿರು ಪೂರ್ತಿ ಹೊರಗೆ ಬಿಟ್ಟು, ಆಮೇಲೆ ಕಣ್ಣಿಡುತ್ತಿದ್ದೆ. ಕೋಲು ದೂರವಿರಲಿ ಹತ್ತಿರವಿರಲಿ, ಕೆಂಪು ಅಂಕಿ ಕಾಣದೆ ಬರೆಯಲಿಲ್ಲ. ಹತ್ತು ಓದಿಗೊಮ್ಮೆ ಬನ್ನಿಗಿಡವೋ ಜಾಲಿಗಿಡವೋ ಸಿಕ್ಕ ಕಡೆ ಕಾಂಡಕ್ಕೆ ಕೈ ಊರಿ ಬೆನ್ನನ್ನು ಮೆಲ್ಲಗೆ ಉಬ್ಬಿಸಿ ಇಳಿಸುತ್ತಿದ್ದೆ. ಬಂಡಿಯವರು ಮೊದಮೊದಲು ನಕ್ಕರು. ಬಿಸಿಲು ನೆತ್ತಿಗೆ ಬರುವ ಮುಂಚೆ ನಿಲ್ಲಿಸುತ್ತಿದ್ದೆ, ಇನ್ನೂ ನಾಲ್ಕು ಓದು ಆಗುವಂತಿದ್ದರೂ.

ನೋವು ಹೋಗಿರಲಿಲ್ಲ. ಆದರೆ ಅದು ಬರುವ ಮುಂಚೆ ಎಲ್ಲಿ ಬಿಗಿಯುತ್ತದೆಂದು ಈಗ ತಿಳಿಯುತ್ತಿತ್ತು: ಮೊದಲು ದವಡೆ, ಆಮೇಲೆ ಹೊಟ್ಟೆ, ಆಮೇಲೆ ಸೊಂಟ. ದವಡೆಯಲ್ಲೇ ಹಿಡಿದು ಸಡಿಲಿಸಿದರೆ ಅರ್ಧ ನೋವು ಅಲ್ಲೇ ನಿಲ್ಲುತ್ತಿತ್ತು. ಇದನ್ನು ಹೇಳಲು ಎರಡು ಸಾಲು ಸಾಕು. ಕಲಿಯಲು ನನಗೆ ಒಂದು ಬೇಸಿಗೆ ಹಿಡಿಯಿತು.

ಒಂಬತ್ತನೆಯ ದಿನ ಒಂದು ಸಣ್ಣ ಹಳ್ಳದ ದಂಡೆಯಲ್ಲಿ ತಪ್ಪು ಸಿಕ್ಕಿತು. ಕೋಲು ಹತ್ತು ಹೆಜ್ಜೆ ದೂರದಲ್ಲಿತ್ತು. ಕೈಸನ್ನೆ ಮಾಡಿದೆ, ಕೋಲಿನವ ಮೆಲ್ಲಗೆ ಎತ್ತಿದ. ಕೆಂಪು ಐದು ಕಣ್ಣಿಗೆ ಬಿತ್ತು. ಹಳೆಯ ಪುಟದಲ್ಲಿ ನಾಲ್ಕು ಎಂದು ಬರೆದಿದ್ದೆ. ಅವನು ಕೋಲನ್ನು ಭುಜಕ್ಕೆ ಆನಿಸಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬೆವರು ಒರೆಸಿಕೊಂಡ.

ಅಲ್ಲಿಂದ ಮುಂದಿನ ಗೂಟಗಳೆಲ್ಲ ಒಂದು ಅಡಿ ತಗ್ಗಿನ ನೆಲದಲ್ಲಿದ್ದವು. ಅವನ್ನು ಕಿತ್ತು ಏರಿನ ಕಡೆಗೆ ಸರಿಸಬೇಕಾಯಿತು. ಮಟ್ಟಸವಾದ ಭೂಮಿ, ಒಂದು ಅಡಿ ಎತ್ತರ ಸಿಗಬೇಕೆಂದರೆ ನೂರು, ಇನ್ನೂರು ಹೆಜ್ಜೆ ಸರಿಯಬೇಕು. ಹಾಗೆ ಸರಿಯುತ್ತ ಸರಿಯುತ್ತ ಪಾಮನಕಲ್ಲೂರಿನ ಹತ್ತಿರ ಬಂದಾಗ, ಜೋಳ ಕೊಯ್ದು ಕೂಳೆ ಉಳಿದಿದ್ದ ಒಂದು ಸಣ್ಣ ಹೊಲದ ನಡುವೆ ಕೋಲಿನವ ಗೂಟ ಕೈಯಲ್ಲಿ ಹಿಡಿದು ಸುಮ್ಮನೆ ನಿಂತ.

"ಯಾಕ ನಿಂತಿ? ಹೊಡಿ," ಎಂದೆ.

"ಸಾಹೇಬ್ರ, ಇದು ರೊಟ್ಟಿ ಅವ್ವನ ಹೊಲರಿ. ತವರಿನವರು ಕೊಟ್ಟದ್ದು. ಅಕೀಗಿ ಇದೊಂದ ಐತಿ."

ಹಳೆಯ ಗೂಟಗಳು ಆ ಹೊಲದ ಬದುವಿನ ಆಚೆ, ಸರ್ಕಾರಿ ಗೋಮಾಳದಲ್ಲಿದ್ದವು. ಗುಳ್ಳೆಯನ್ನು ಮತ್ತೆ ನಡುವಿಗೆ ತಂದು ಓದಿದೆ. ಮುಕ್ಕಾಲಿ ಕಿತ್ತು ಬೇರೆ ಕಡೆ ಊರಿ ಓದಿದೆ. ಮೂರನೆಯ ಸಲವೂ ಅದೇ ಅಂಕಿ. ಹೊಲದ ಸರಿ ಮಧ್ಯದಲ್ಲಿ ಸಾಲು ಹಾಯುತ್ತಿತ್ತು. ಹೊಡಿ ಎಂದು ಹೇಳಬೇಕಾಯಿತು, ಹೇಳಿದೆ.

ಮಧ್ಯಾಹ್ನ ಆಕೆಯೇ ರೊಟ್ಟಿಯ ಬುಟ್ಟಿ ಹೊತ್ತು ಅಲ್ಲಿಗೆ ಬಂದಳು. ದೂರದಿಂದಲೇ ಗೂಟಗಳನ್ನು ನೋಡಿದಳೆಂದು ನಡಿಗೆ ನಿಧಾನವಾದದ್ದರಿಂದ ಗೊತ್ತಾಯಿತು. ಬುಟ್ಟಿ ಇಳಿಸಿದಳು.

"ಇದೇನ್ರಿ ಸಾಹೇಬ್ರ, ಗೂಟ ಇಲ್ಲಿಗಿ ಬಂದಾವ? ಮೊದ್ಲು ಆ ಕಡೆ ಇದ್ದುವಲ್ರಿ."

"ಅವು ತಪ್ಪಿದ್ದುವವ್ವಾ. ನಂದ ತಪ್ಪು. ಬ್ಯಾನಿಯಾಗ ಅಂಕಿ ತಪ್ಪಿ ಓದಿದ್ದೆ. ಈಗ ಸರಿ ಮಾಡೀನಿ."

ಆಕೆ ಹೊಲವನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಿಮ್ಮ ಟೊಂಕದ ಬ್ಯಾನಿ ಹಂಗ ಇದ್ದಿದ್ರ, ಗೂಟ ಅಲ್ಲೇ ಇರತಿದ್ದುವೇನ್ರಿ?"

ಸುಳ್ಳು ಹೇಳಬಹುದಿತ್ತು. "ಇರತಿದ್ದುವು," ಎಂದೆ.

ಆಕೆ ತಲೆಯಾಡಿಸಿದಳು. ಒಪ್ಪಿದಂತೆಯೂ ಅಲ್ಲ, ಒಪ್ಪದಂತೆಯೂ ಅಲ್ಲ. ಸರ್ಕಾರ ಬದಲಿ ಭೂಮಿ ಕೊಡುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆಕೆ ಕೂಳೆಗಳ ನಡುವೆ ಒಂದು ಗೂಟದಿಂದ ಇನ್ನೊಂದು ಗೂಟದವರೆಗೆ ನಡೆದು ಹೋದಳು, ಮರಳಿ ಬಂದಳು.

"ಈ ಕಡೆ ಒಂದೀಟು ಉಳೀತೈತಿ, ಆ ಕಡೆ ಒಂದೀಟು," ಎಂದಳು. "ನಡುವ ನೀರು ಬಂದ್ರ ಆ ಕಡಿಗಿ ದಾಟೂದು ಹೆಂಗ್ರಿ?"

ನಾನು ಎತ್ತರ ಅಳೆಯುವವನು. ಎಲ್ಲಿ ಸೇತುವೆ, ಎಲ್ಲಿ ತೂಬು ಎಂದು ಹೇಳುವ ಅಧಿಕಾರ ನನ್ನದಲ್ಲ. ಆದರೂ ಲೆವೆಲ್ ಪುಸ್ತಕ ತೆಗೆದು, ಆ ಓದಿನ ಎದುರು ಅಂಚಿನಲ್ಲಿ, ಇಲ್ಲಿ ಹೊಲ ಇಬ್ಭಾಗ, ದಾಟಲು ಕಾಲುಸಂಕ ಬೇಕು ಎಂದು ಬರೆದೆ. ಬರೆದದ್ದನ್ನು ಆಕೆಗೆ ಓದಿ ಹೇಳಿದೆ.

"ರೊಟ್ಟಿ ಆರತಾವ, ಉಣ್ರಿ," ಎಂದಳು. ಬುಟ್ಟಿ ಬಿಚ್ಚಿ ಎಲ್ಲರಿಗೂ ಬಡಿಸಿದಳು.

ಎರಡು ದಿನದ ಮೇಲೆ ಗುಡಿಯ ಕಟ್ಟೆ ಮುಟ್ಟಿದೆವು. ಈ ಸಲ ವ್ಯತ್ಯಾಸ ಒಂದು ಬೆರಳಿನ ದಪ್ಪದಷ್ಟೂ ಇರಲಿಲ್ಲ. ಪುಸ್ತಕ ನೋಡಲು ಬಂದ ಓವರ್‌ಸೀಯರ್ ಸಾಹೇಬರು ಅಂಚಿನ ಬರಹದ ಹತ್ತಿರ ಬೆರಳು ನಿಲ್ಲಿಸಿದರು.

"ಇದನ್ನ ಬರಿಯಾಕ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾಹೇಬ್ರ. ನಾನ ಬರದೀನಿ."

ಅವರು ಪೆನ್ನಿನ ಮುಚ್ಚಳ ತೆಗೆದರು. ಹೊಡೆದು ಹಾಕುತ್ತಾರೆಂದುಕೊಂಡೆ. ಆ ಸಾಲಿನ ಪಕ್ಕದಲ್ಲಿ ಉರ್ದುವಿನಲ್ಲಿ ಸಣ್ಣದಾಗಿ ತಮ್ಮ ರುಜು ಹಾಕಿ, ಪುಟ ತಿರುವಿದರು.

ಕ್ಯಾಂಪು ಕೀಳುವ ದಿನ ಆಕಾಶದಲ್ಲಿ ಮೋಡ ಕಟ್ಟಿತ್ತು. ಸಾಮಾನೆಲ್ಲ ಬಂಡಿಗೆ ಏರಿದ ಮೇಲೆ ರೊಟ್ಟಿ ಅವ್ವನ ಹತ್ತಿರ ಹೋಗಿ, ಕಾಲುಸಂಕದ ಬರಹಕ್ಕೆ ದೊಡ್ಡ ಸಾಹೇಬರು ರುಜು ಹಾಕಿದ್ದಾರೆ ಎಂದು ಹೇಳಿದೆ. ಆಕೆ ಒಲೆಯ ಬೂದಿ ಕೆದರಿ ಕೆಂಡ ಆರಿಸುತ್ತಿದ್ದಳು.

"ರುಜು ಇರಲಿ," ಎಂದಳು. "ಆ ಸಂಕಕ್ಕ ಒಂದು ಕಡೆ ಹಿಡಿಕಿ ಇಡಸ್ರಿ. ನಂದೂ ವಯಸ್ಸಾತು, ತಲಿಮ್ಯಾಲ ಬುಟ್ಟಿ ಇರತೈತಿ."

ನಾನು ಪೆಟ್ಟಿಗೆ ಬಿಚ್ಚಿ, ಪುಸ್ತಕ ಹೊರತೆಗೆದು, ಅದನ್ನೂ ಬರೆದೆ.